ಹಿಮಾಲಯದ ಹಕ್ಕಿ, ಬಯಲುಸೀಮೆಯ ಉಸಿರು

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೋ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೋ ಹೋದವರು ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿರುತ್ತೀರಿ. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿ ಮರಳಿ ಹೋಗುವಾಗ ಬೆಟ್ಟದ ಬುಡದಿಂದ ಏಳೆಂಟು ಗಂಟೆಗಳಲ್ಲೇ ಆಚೆಯ ಎತ್ತರಕ್ಕೆ ಏರಿಬಿಡುತ್ತದೆ. ಅದರ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಹಕ್ಕಿಗಳ ಶ್ವಾಸಕೋಶದಲ್ಲಿ ಗಾಳಿ ನಮ್ಮಲ್ಲಿಯಂತೆ ಒಳಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವುದಿಲ್ಲ, ಒಂದೇ ದಿಕ್ಕಿಗೆ ಹರಿಯುತ್ತದೆ. ಈ ಸೌಕರ್ಯ ನಮಗಿಲ್ಲ.

ಇದನ್ನು ಹೇಳಲು ಕಾರಣವಿದೆ. ಹಕ್ಕಿ ನೋಡುವ ಹವ್ಯಾಸವಿರುವ ನಿವೃತ್ತ ಮೇಷ್ಟ್ರೊಬ್ಬರು ಬಿಳಿಗೆರೆಯಲ್ಲಿ ನನ್ನ ಬಳಿ ಬಂದು, ಮಾರ್ಗದರ್ಶಿಯೊಂದಿಗೆ ಅರುಣಾಚಲಕ್ಕೆ ಹೋಗುವ ತಂಡದಲ್ಲಿ ಹೆಸರು ಕೊಟ್ಟಿರುವುದಾಗಿ ಹೇಳಿದರು. ತೋಟದ ಗೀಜಗನಿಂದ ಆರಂಭಿಸಿ, ಸಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳವರೆಗೆ ಎಲ್ಲವನ್ನೂ ನೋಡಿ ಮುಗಿಸಿದವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ, ಎರಡೂ ಹತೋಟಿಯಲ್ಲಿವೆ. 'ಹೋಗಬಹುದೇ ಡಾಕ್ಟ್ರೇ?' ಎಂಬುದು ಅವರ ಪ್ರಶ್ನೆ. ಹೋಗಬಹುದು. ಆದರೆ ಎರಡು ಸಂಗತಿಗಳನ್ನು ಮುಚ್ಚಿಡುವ ಹಾಗಿಲ್ಲ: ಮೇಲೆ ತಲೆನೋವು ಬಂದರೆ ಮಾರ್ಗದರ್ಶಿಗೆ ಹೇಳಬೇಕು; ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಬೇಕು.

ಅವರ ದಾರಿ ಅಸ್ಸಾಂ ಗಡಿಯ ಭಾಲುಕ್‌ಪೊಂಗ್‌ನ ತಗ್ಗುಕಾಡಿನಿಂದ ಆರಂಭ. ಅಲ್ಲಿಂದ ಈಗಲ್‌ನೆಸ್ಟ್ ಅಭಯಾರಣ್ಯ. 2006ರಲ್ಲಿ ಜಗತ್ತಿಗೆ ಪರಿಚಯವಾದ ಬುಗುನ್ ಲಿಯೊಸಿಕ್ಲಾ ಎಂಬ ಹೊಸ ಹಕ್ಕಿ ಸಿಕ್ಕಿದ್ದು ಇಲ್ಲೇ. ಅದನ್ನು ಗುರುತಿಸಿದ ರಮಣ ಆತ್ರೇಯ ವೃತ್ತಿಯಿಂದ ಖಗೋಳ ವಿಜ್ಞಾನಿ. ಹಕ್ಕಿಗಳ ಸಂಖ್ಯೆ ತೀರಾ ಕಡಿಮೆಯೆಂದು ಮಾದರಿಗಾಗಿ ಒಂದನ್ನೂ ಕೊಲ್ಲದೆ ವಿವರಿಸಿದರು. ಸ್ಥಳೀಯ ಬುಗುನ್ ಜನರ ಹೆಸರನ್ನೇ ಇಟ್ಟರು. ಮುಂದೆ ಸುಮಾರು 5,000 ಅಡಿಯ ದಿರಾಂಗ್, ಅಲ್ಲಿಂದ 13,700 ಅಡಿಯ ಸೆಲಾ ಕಣಿವೆ.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್, ಅಂದರೆ ಸುಮಾರು 8,000 ಅಡಿ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ 'ನಾನು ಬೆಟ್ಟ ಹತ್ತಿದವನು' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ನಲವತ್ತು ಅಡಿ ತೆಂಗಿನ ಮರವನ್ನು ಸರಸರನೆ ಏರುವ ಯುವಕನೂ ಇದಕ್ಕೆ ಹೊರತಲ್ಲ. ಭಾರತೀಯ ಸೇನೆಯ ವೈದ್ಯರು 1,925 ಸೈನಿಕರ ಅನುಭವವನ್ನು 1969ರಲ್ಲಿ ಪ್ರಕಟಿಸಿದರು. ಇಂದಿಗೂ ಪಠ್ಯಗಳಲ್ಲಿ ಉಲ್ಲೇಖವಾಗುವ ಅಧ್ಯಯನ ಅದು. ಅವರೆಲ್ಲ ಗಟ್ಟಿಮುಟ್ಟಾದ ಯೋಧರು! ಎಷ್ಟು ಬೇಗ ಏರುತ್ತೀರಿ, ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದು ಮುಖ್ಯವೇ ಹೊರತು ತೋಳ್ಬಲವಲ್ಲ.

ಸೆಲಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟು ಮಾತ್ರ. ಬೆಳಿಗ್ಗೆ ಹೋಗಿ ಕಡುನೀಲಿ ಗ್ರಂಡಾಲಾ ಹಕ್ಕಿಗಳನ್ನು ನೋಡಿ, ಸಂಜೆ ದಿರಾಂಗ್‌ಗೆ ಇಳಿದು ಮಲಗುವವರಿಗೆ ಅಪಾಯ ಕಡಿಮೆ. ಕಣಿವೆಯಾಚೆ ಹೋಗಿ ಸುಮಾರು 10,000 ಅಡಿಯ ತವಾಂಗ್‌ನಲ್ಲಿ ತಂಗುವವರು ಎಚ್ಚರವಾಗಿರಬೇಕು. ಏರಿದ ಆರೇಳು ಗಂಟೆಗಳಲ್ಲಿ ತಲೆನೋವು, ಓಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಶುರುವಾದರೆ ಇನ್ನೂ ಮೇಲೇರಬಾರದು. ಒಂದು ದಿನ ಅಲ್ಲೇ ಇದ್ದರೆ ಬಹುತೇಕರಿಗೆ ಸರಿಹೋಗುತ್ತದೆ. ಕುಳಿತಲ್ಲೇ ಏದುಸಿರು, ಒಣಕೆಮ್ಮು, ನೊರೆಗಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಗೆರೆ ಎಳೆದಂತೆ ಹೆಜ್ಜೆಯ ಮುಂದೆ ಹೆಜ್ಜೆ ಇಡಲಾಗದೆ ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ. ಆಗ ನಡುರಾತ್ರಿಯಾದರೂ ಸರಿ, ಸಿಕ್ಕರೆ ಆಮ್ಲಜನಕ ಕೊಡುತ್ತಾ ಕೆಳಗಿಳಿಸಬೇಕು. ಬೆಳಗಾಗಲಿ ಎಂದು ಕಾದರೆ ಜೀವ ಹೋಗಬಹುದು.

ಇಲ್ಲೇ ನಮ್ಮವರ ಸಂಕೋಚ ಅಡ್ಡ ಬರುತ್ತದೆ. 'ನನ್ನೊಬ್ಬನಿಂದ ಹತ್ತು ಜನರ ಕಾರ್ಯಕ್ರಮ ಕೆಡುವುದೇ' ಎಂದು ನೋವಿನ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಗುಂಪಿನಲ್ಲಿ ಹೋಗುವುದರ ದೊಡ್ಡ ಅಪಾಯ ಇದೇ ಎಂದು ನನ್ನ ಅಭಿಪ್ರಾಯ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಜೊತೆಗಿರಲಿ, ಆದರೆ ಅಲ್ಲಿ 90 ತೋರಿಸಿತೆಂದು ಗಾಬರಿಯಾಗಬೇಡಿ; ಅಂಕಿಗಿಂತ ಲಕ್ಷಣಗಳು ಮುಖ್ಯ. ಅಸಿಟಜೋಲಮೈಡ್ ಮಾತ್ರೆ ಉಪಯುಕ್ತ. ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ಬೆರಳು ಜುಮುಗುಟ್ಟುತ್ತದೆ, ಮೂತ್ರ ಹೆಚ್ಚುತ್ತದೆ. ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ತೊಡಕು. ಹಕ್ಕಿ ನೋಡುವವರು ನಾಲ್ಕೂವರೆಗೇ ಎದ್ದು ಹೊರಡುತ್ತಾರೆ; ತಿಂಡಿ ಸಿಗುವುದು ಒಂಬತ್ತಕ್ಕೆ. ಮನೆಯ ಅಭ್ಯಾಸದಂತೆ ಎದ್ದ ಕೂಡಲೇ ಗ್ಲಿಮಿಪಿರೈಡ್‌ನಂತಹ ಮಾತ್ರೆ ನುಂಗಿದರೆ ಕಾಡಿನ ನಡುವೆ ಸಕ್ಕರೆ ಕುಸಿದು ಬೆವರು, ನಡುಕ, ತೂರಾಟ ಬರುತ್ತದೆ. ಅದನ್ನು ಎತ್ತರದ ಕಾಯಿಲೆ ಎಂದು ತಪ್ಪು ತಿಳಿಯುವ ಸಂಭವವೂ ಇದೆ. ತಿಂಡಿ ಎದುರಿಗೆ ಬಂದ ಮೇಲೆಯೇ ಮಾತ್ರೆ. ಜೇಬಿನಲ್ಲಿ ನಾಲ್ಕು ಚೂರು ಬೆಲ್ಲವಿರಲಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆ, ಅದನ್ನು ಒಳ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಿ. ಇನ್ನು ಕತ್ತು ನೋವು! ಗಂಟೆಗಟ್ಟಲೆ ಮರದ ತುದಿ ನೋಡುವುದರಿಂದ ಬರುವಂಥದು. ಗೊನೆ ಎಣಿಸಿ ಅಭ್ಯಾಸವಿರುವ ನಮ್ಮ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ.

ತಗ್ಗುಕಾಡಿನ ತೊಂದರೆಗಳು ಬೇರೆ. ಜಿಗಣೆಯನ್ನು ಎಲ್ಲರೂ ಹೆದರಿಕೆಯಿಂದ ಕೇಳುತ್ತಾರೆ. ಅದು ರಕ್ತ ಹೀರುತ್ತದೆ, ಗಾಯ ತುರಿಸುತ್ತದೆ, ಅಷ್ಟೇ. ಸಾಮಾನ್ಯವಾಗಿ ರೋಗ ಹರಡುವುದಿಲ್ಲ. ಕಣ್ಣಿಗೆ ಕಾಣದವುಗಳ ಬಗ್ಗೆ ಕೇಳಿ. ಅಸ್ಸಾಂ, ಅರುಣಾಚಲದ ಅಡಿಬೆಟ್ಟಗಳ ಕಾಡಿನಲ್ಲಿ ಮಲೇರಿಯಾ ಹಿಂದಿಗಿಂತ ಬಹಳ ಕಡಿಮೆಯಾಗಿದೆ, ಆದರೆ ಮಿದುಳಿಗೇರುವ ಫಾಲ್ಸಿಪಾರಂ ಬಗೆ ಇನ್ನೂ ಇದೆ. ಸಂಜೆಯಿಂದ ತುಂಬುತೋಳಿನ ಅಂಗಿ, ಸೊಳ್ಳೆಪರದೆ ಬೇಕು. ತಡೆ ಮಾತ್ರೆ ಬೇಕೇ ಎಂಬುದನ್ನು ಹೊರಡುವ ಮೊದಲೇ ಕೇಳಿ.

ಹಿಮಾಲಯದ ತಪ್ಪಲಿನುದ್ದಕ್ಕೂ ಇರುವ ಇನ್ನೊಂದು ಜ್ವರ ಸ್ಕ್ರಬ್ ಟೈಫಸ್. ಹುಲ್ಲು ಪೊದೆಗಳಲ್ಲಿರುವ ಧೂಳಿನ ಕಣದಷ್ಟು ಸಣ್ಣ ನುಸಿಮರಿಗಳ ಕಡಿತದಿಂದ ಬರುತ್ತದೆ. ಹಕ್ಕಿಗಾಗಿ ಹುಲ್ಲಿನ ಮೇಲೆ ಕೂರುವವರಿಗೆ, ಬೋರಲು ಮಲಗಿ ಫೋಟೊ ತೆಗೆಯುವವರಿಗೆ ಸುಲಭವಾಗಿ ತಗಲುತ್ತದೆ. ಕಡಿದದ್ದೇ ತಿಳಿಯುವುದಿಲ್ಲ. ಹತ್ತು ಹನ್ನೆರಡು ದಿನ ಕಳೆದು, ಊರಿಗೆ ಬಂದು ಕೊಬ್ಬರಿ ಕೆಲಸದಲ್ಲಿ ತೊಡಗಿದ ಮೇಲೆ ಜ್ವರ, ತಲೆನೋವು ಬರುತ್ತದೆ. ಪ್ರವಾಸದ ಮಾತೇ ಎತ್ತದಿದ್ದರೆ ಇಲ್ಲಿನ ವೈದ್ಯರು ಡೆಂಗಿ, ಟೈಫಾಯ್ಡ್ ಎಂದೇ ಯೋಚಿಸುತ್ತಾರೆ. ಅದು ಸಹಜ. ನೀವೇ ಹೇಳಿ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ತೊಡೆಸಂದಿ, ಕಂಕುಳು, ಸೊಂಟದಲ್ಲಿ ಬೀಡಿಯಿಂದ ಸುಟ್ಟಂಥ ನೋವಿಲ್ಲದ ಕಪ್ಪು ಹಕ್ಕಳೆ ಇದೆಯೇ ನೋಡಿಸಿಕೊಳ್ಳಿ. ಎಲ್ಲ ರೋಗಿಗಳಲ್ಲೂ ಅದು ಇರುವುದಿಲ್ಲ, ಇದ್ದರೆ ರೋಗ ಹಿಡಿಯುವುದು ಸುಲಭ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಗೆ ಹೆಚ್ಚಿನವರಲ್ಲಿ ಎರಡು ದಿನಗಳೊಳಗೆ ಜ್ವರ ಇಳಿಯುತ್ತದೆ. ಎರಡನೆಯ ವಾರದವರೆಗೂ ಬಿಟ್ಟರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೂ ತಟ್ಟಬಹುದು.