‘ಕಳೆ’ ಎಂಬ ಕ್ರಿಯಾಪದ

ಅಂಕಗಣಿತದ ನಾಲ್ಕು ಮೂಲಕ್ರಿಯೆಗಳಲ್ಲಿ ಎರಡನೆಯದನ್ನು ಪಠ್ಯಪುಸ್ತಕಗಳು ‘ವ್ಯವಕಲನ’ವೆಂದು ಕರೆಯುತ್ತವೆ. ಅದು ಸಂಸ್ಕೃತದಿಂದ ಬಂದ ಪಾರಿಭಾಷಿಕ ಪದ. ಅದಕ್ಕೆ ನಮ್ಮ ಮನೆಮಾತಿನಲ್ಲಿರುವ ಅಚ್ಚಗನ್ನಡ ಧಾತು ‘ಕಳೆ’ ಎಂಬುದು. ಎರಡೇ ಅಕ್ಷರಗಳ ಈ ಧಾತುವನ್ನು ಚೆನ್ನಾಗಿ ಅರಿತವರು ಲೆಕ್ಕದಲ್ಲಾಗಲಿ, ವ್ಯವಹಾರದಲ್ಲಾಗಲಿ ಸುಲಭವಾಗಿ ಮೋಸಹೋಗಲಾರರು. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

‘ಕಳೆ’ ಎಂದರೆ ಇದ್ದುದನ್ನು ಇದ್ದೆಡೆಯಿಂದ ತೆಗೆ ಎಂದರ್ಥ. ಸ್ನಾನವು ಮೈಯ ಕೊಳೆಯನ್ನು ಕಳೆಯುತ್ತದೆ; ನಿದ್ರೆಯು ದಣಿವನ್ನು ಕಳೆಯುತ್ತದೆ. ರಜೆಯನ್ನು ಊರಿನಲ್ಲಿ ಕಳೆದೆವೆಂದರೆ, ನಮ್ಮ ಪಾಲಿನ ದಿನಗಳಲ್ಲಿ ಅಷ್ಟು ತೀರಿದವೆಂದು ಭಾವ. ‘ಕಳೆದ ವರ್ಷ’ ಎಂಬಲ್ಲಿಯೂ ಇದೇ ಧಾತುವಿದೆ. ಮುಖದ ‘ಕಳೆ’ ಮಾತ್ರ ಬೇರೆ. ಅದು ಸಂಸ್ಕೃತದ ‘ಕಲಾ’ ಶಬ್ದದಿಂದ ಬಂದುದು.

ಲೆಕ್ಕದಲ್ಲಿ ಈ ಧಾತುವಿನ ಜೊತೆಗೆ ವಿಭಕ್ತಿಪ್ರತ್ಯಯಗಳನ್ನೂ ಗಮನಿಸಬೇಕು. ‘ಹತ್ತರಲ್ಲಿ ಮೂರನ್ನು ಕಳೆ’, ‘ಹತ್ತರಿಂದ ಮೂರನ್ನು ಕಳೆ’ ಎಂಬೆರಡೂ ಒಂದೇ. ‘ಅಲ್ಲಿ’ ಅಥವಾ ‘ಇಂದ’ ಸೇರಿದ ಸಂಖ್ಯೆಯು ಮೂಲಮೊತ್ತ. ‘ಅನ್ನು’ ಸೇರಿದುದು ಅದರಿಂದ ಹೋಗತಕ್ಕದ್ದು. ‘ಇಪ್ಪತ್ತೈದನ್ನು ಅರುವತ್ತರಿಂದ ಕಳೆ’ ಎಂದೊಡನೆ ಮೊದಲು ಕೇಳಿದ 25ನ್ನೇ ಮೇಲೆ ಬರೆಯುವವರುಂಟು. ಪದಗಳ ಸ್ಥಾನವನ್ನಲ್ಲ, ಪ್ರತ್ಯಯವನ್ನು ನೋಡಬೇಕು. ಮೇಲೆ 60, ಕೆಳಗೆ 25, ಉಳಿಕೆ 35.

ಮುಂಬಯಿಯಲ್ಲಿ ಬೆಳೆಯುವ ನಿಮಗೆ ನೆರೆಹೊರೆಯವರ ಮರಾಠಿಯಿಂದ ‘ವಜಾಬಾಕಿ’ ಎಂಬ ಮಾತು ಪರಿಚಿತವೇ. ಅರಬ್ಬೀ ಮೂಲದ ಈ ‘ವಜಾ’ ಕನ್ನಡದಲ್ಲಿಯೂ ಬಳಕೆಯಲ್ಲಿದೆ. ‘ಸಂಬಳದಲ್ಲಿ ನೂರು ರೂಪಾಯಿ ವಜಾ’ ಎಂದರೆ ನೂರು ಕಡಿಮೆಯಾಯಿತೆಂದು ತಾತ್ಪರ್ಯ. ‘ಕೆಲಸದಿಂದ ವಜಾ’ ಎಂದರೆ ಕೆಲಸವೇ ಹೋಯಿತೆಂದು! ಎಲ್ಲಿಂದ ಏನು ಹೋಯಿತೆಂಬುದನ್ನು ಇಲ್ಲಿಯೂ ಕೇಳಲೇಬೇಕು.

ಇನ್ನು ‘ಮುರಿದುಕೊಳ್ಳು’ ಎಂಬುದೊಂದಿದೆ. ಕೊಟ್ಟ ಹಣವನ್ನು ಕೊಡಬೇಕಾದ ಹಣದಲ್ಲಿ ಹಿಡಿದುಕೊಳ್ಳುವುದೆಂದು ಇದರ ಅರ್ಥ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವು ಇಲ್ಲಿ ಆ ಹಣ ಹಿಡಿದವನ ಕಡೆಗೇ ಸೇರಿತೆಂಬುದನ್ನು ಸೂಚಿಸುತ್ತದೆ. ಆದರೆ ಅದೇ ‘ಕೊಳ್ಳು’ ಕಳೆ ಧಾತುವಿಗೆ ಸೇರಿ ‘ಕಳೆದುಕೊಳ್ಳು’ ಎಂದಾದಾಗ ನಷ್ಟವೇ ಅರ್ಥವಾಗುವುದು ಭಾಷೆಯ ವೈಚಿತ್ರ್ಯ.

ಒಂದು ಉದಾಹರಣೆಯನ್ನು ನೋಡೋಣ. ಹೋಟೆಲಿನಲ್ಲಿ ದುಡಿಯುವ ಒಬ್ಬನ ತಿಂಗಳ ಸಂಬಳ 12,000 ರೂಪಾಯಿ. ಊರಿಗೆ ಹೋಗುವಾಗ ಅವನು 3,000 ರೂಪಾಯಿ ಮುಂಗಡ ಪಡೆದಿದ್ದಾನೆ. ಈ ತಿಂಗಳು ಧಣಿಗಳು 1,000 ರೂಪಾಯಿಯನ್ನು ಮುರಿದುಕೊಂಡು 11,000 ಕೊಟ್ಟರು. ಲೆಕ್ಕವು ಇಲ್ಲಿಗೆ ಮುಗಿಯಿತೆಂದು ತಿಳಿಯಬಾರದು. ಸಂಬಳದಲ್ಲಿ ಕಳೆದ ಆ ಸಾವಿರವನ್ನು ಮುಂಗಡದಲ್ಲಿಯೂ ಕಳೆದು, ಬಾಕಿ 2,000 ಎಂದು ಬರೆಯಬೇಕು. ಒಂದೆಡೆ ಮಾತ್ರ ಕಳೆದು ಇನ್ನೊಂದೆಡೆ ಹಾಗೆಯೇ ಬಿಟ್ಟರೆ, ದುಡಿದವನು ಸಾವಿರ ರೂಪಾಯಿಯನ್ನು ಕಳೆದುಕೊಂಡಂತೆಯೇ ಸರಿ.

ನಿಮ್ಮಲ್ಲಿ ಹಲವರ ಹಿರಿಯರು ಇಂತಹ ಚೀಟಿಗಳನ್ನು ಮನೆಗೆ ತರುತ್ತಾರೆ. ನಾಳೆ ನೀವೂ ತರುವಿರಿ. ಅಂತಹ ಚೀಟಿಯನ್ನು ಓದುವಾಗ ಯಾವುದರಿಂದ, ಯಾವುದನ್ನು, ಯಾರ ಕಡೆಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಮೂರಕ್ಕೂ ಉತ್ತರ ದೊರೆತ ಬಳಿಕವೇ ಉಳಿಕೆಯನ್ನು ಒಪ್ಪಿಕೊಳ್ಳಿರಿ. ವ್ಯಾಕರಣವನ್ನೂ ಗಣಿತವನ್ನೂ ಒಂದೇ ಶಾಲೆಯಲ್ಲಿ ಕಲಿಸುವುದರ ಪ್ರಯೋಜನ ಇದೇ.