ನಿಮಗಿದು ಗೊತ್ತೆ? ಪರೀಕ್ಷೆ ಮುಗಿದ ಸಂಜೆಯ ಲೆಕ್ಕ ತಪ್ಪುವುದೇಕೆ?

ನೀಟ್ ಬರೆದ ಮಕ್ಕಳು ಗೇಟು ದಾಟುವ ಮೊದಲೇ ಅಂಕ ಊಹಿಸತೊಡಗುತ್ತಾರೆ. ಆ ಊಹೆ ಹಲವು ಸಲ ಹುಸಿಯಾಗುತ್ತದೆ. ಪ್ರಶ್ನೆಗಳ ಕ್ರಮವೂ ಇದಕ್ಕೊಂದು ಕಾರಣ! ಮನಶ್ಶಾಸ್ತ್ರಜ್ಞರಾದ ಯಾನಾ ವೈನ್‌ಸ್ಟೈನ್ ಮತ್ತು ಹೆನ್ರಿ ರೋಡಿಗರ್ 2010ರಲ್ಲಿ ಅವೇ ಪ್ರಶ್ನೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಕೊಟ್ಟು ನೋಡಿದರು. ಸುಲಭದಿಂದ ಕಠಿಣಕ್ಕೆ ಸಾಗಿದವರು ತಾವು ಹೆಚ್ಚು ಸರಿ ಉತ್ತರ ಬರೆದಿದ್ದೇವೆಂದು ನಂಬಿದರು. ಕಠಿಣ ಪ್ರಶ್ನೆ ಮೊದಲು ಸಿಕ್ಕವರಿಗೆ ಆ ಧೈರ್ಯ ಇರಲಿಲ್ಲ. ನಿಜವಾದ ಅಂಕಗಳಲ್ಲಿ ಮಾತ್ರ ಅಂಥ ಅಂತರ ಕಾಣಲಿಲ್ಲ.

1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನ್ನಿಂಗ್ ಇನ್ನೊಂದು ಸಂಗತಿ ತೋರಿಸಿದರು. ಅತಿ ಕಡಿಮೆ ಅಂಕ ಪಡೆದ ಗುಂಪು ಸರಾಸರಿ 12ನೇ ಪರ್ಸೆಂಟೈಲ್‌ನಲ್ಲಿದ್ದರೂ ತಮ್ಮದು 62 ಎಂದುಕೊಂಡಿತ್ತು. ಚೆನ್ನಾಗಿ ಬರೆದವರೇ ತಮ್ಮ ಸ್ಥಾನವನ್ನು ಕಡಿಮೆ ಅಂದಾಜಿಸಿದ್ದರು. ಉಳಿದವರಿಗೂ ಇಷ್ಟೇ ಸುಲಭವಾಗಿತ್ತು ಎಂಬ ಭಾವನೆ ಅವರದು.

ಪ್ರವೇಶ ಪರೀಕ್ಷೆಯಲ್ಲಿ ಸೀಟು ನಿರ್ಧರಿಸುವುದು ರ‍್ಯಾಂಕ್. ಪ್ರಶ್ನೆಪತ್ರಿಕೆ ನಿಮಗೆ ಕಷ್ಟವಾದರೆ ಲಕ್ಷಾಂತರ ಮಂದಿಗೂ ಕಷ್ಟವಾಗಿರುತ್ತದೆ. 2025ರ ನೀಟ್‌ನಲ್ಲಿ ಭೌತವಿಜ್ಞಾನ ಅನೇಕರನ್ನು ಕಂಗೆಡಿಸಿತ್ತು. ಹಿಂದಿನ ವರ್ಷ 720 ಇದ್ದ ಗರಿಷ್ಠ ಅಂಕ ಆ ಸಲ 686ಕ್ಕೆ ಇಳಿಯಿತು, ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಬಂತು. ಹಾಗಾಗಿ ಪೋಷಕರೇ, ಅಳುತ್ತ ಬಂದ ಮಗುವಿಗೆ ಮೊದಲು ಊಟ ಬಡಿಸಿ. ಅಂಕದ ಲೆಕ್ಕವನ್ನು ಓಎಂಆರ್ ಪ್ರತಿ ಮತ್ತು ಅಧಿಕೃತ ಕೀ ಉತ್ತರ ಕೈಗೆ ಬಂದ ಮೇಲೆ ಮಾಡಬಹುದು.