ಹಸುವಿಗೆ ಮ್ಯಾಟ್ ಹಾಸಿದ್ದೇವೆ, ನಮಗೊಂದು ಮಣೆ ಬೇಡವೇ?

ದೇವರಾಯಸಮುದ್ರದ ಒಂದು ಕೊಟ್ಟಿಗೆಯಲ್ಲಿ ಕೆಚ್ಚಲು ಬಾವು ಬಂದಿದ್ದ ಸೀಮೆ ಹಸುವಿಗೆ ಇಂಜೆಕ್ಷನ್ ಕೊಡುತ್ತಿದ್ದೆ. ಹಸುವನ್ನು ಹಿಡಿದುಕೊಂಡಿದ್ದ ಅಕ್ಕ ಕೇಳಿದರು: "ಡಾಕ್ಟ್ರೇ, ಅದ್ರಲ್ಲೇ ನನಗೂ ಒಂದು ಚೂರು ಹಾಕ್ಬಿಡಿ. ಸೊಂಟ ಹಿಡ್ಕೊಂಡು ಹದಿನೈದು ದಿನ ಆಯ್ತು." ನಗುತ್ತಲೇ ಕೇಳಿದರು. ಆದರೆ ಆಮೇಲೆ ಹಾಲು ಕರೆದು ಏಳುವಾಗ ಹಸುವಿನ ಮೈಮೇಲೆ ಕೈ ಊರಿಯೇ ಎದ್ದರು. ಅವರ ಮಗಳು ಮೊಬೈಲ್ ತಂದು ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಒಬ್ಬರು ಮಲಗಿದವರ ಬೆನ್ನು ಒತ್ತಿ, ಕುತ್ತಿಗೆ ತಿರುಗಿಸಿ 'ಟಕ್' ಎನ್ನಿಸುತ್ತಾರೆ. "ಬೆಂಗಳೂರಿನಲ್ಲಿ ಹಿಂಗೆ ಮಾಡ್ತಾರಂತೆ, ಅಮ್ಮನ್ನ ಕರ್ಕೊಂಡು ಹೋಗ್ಲಾ?" ಎಂದಳು.

ಮೊದಲ ಮಾತಿಗೆ ಉತ್ತರ ಸುಲಭ. ಹಸುವಿನ ಔಷಧಿ ಮನುಷ್ಯರಿಗೆ ಬೇಡವೇ ಬೇಡ. ಅದರ ಪ್ರಮಾಣ ನಾನೂರು ಕಿಲೋ ತೂಗುವ ಪ್ರಾಣಿಯ ಲೆಕ್ಕದ್ದು. ಮಗಳ ಪ್ರಶ್ನೆಗೆ ಮಾತ್ರ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಅದಕ್ಕೇ ಈ ಲೇಖನ. ನಾನು ಪಶುವೈದ್ಯೆ. ಮನುಷ್ಯರ ಕಾಯಿಲೆಗೆ ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಆದರೆ ನಿಮ್ಮ ಬೆನ್ನು ನೋಯುವ ಜಾಗ ಕೊಟ್ಟಿಗೆ, ಅದನ್ನು ದಿನವೂ ನೋಡುತ್ತೇನೆ.

ನೋವು ಎಲ್ಲಿಂದ ಬರುತ್ತದೆ?

ಹಸುವಿನ ಕುತ್ತಿಗೆಯಲ್ಲಿ ಏಳು ಮೂಳೆ, ನಮ್ಮ ಕುತ್ತಿಗೆಯಲ್ಲೂ ಏಳೇ. ವ್ಯತ್ಯಾಸ ಇರುವುದು ಭಾರ ಹೊರುವ ರೀತಿಯಲ್ಲಿ. ಹಸುವಿನ ಬೆನ್ನು ನಾಲ್ಕು ಕಾಲುಗಳ ಮೇಲೆ ಹಾಸಿದ ಸೇತುವೆಯಂತೆ. ನಮ್ಮದು ನೆಟ್ಟಗೆ ನಿಲ್ಲಿಸಿದ ಕಂಬ. ಮೇಲಿನ ಭಾರವೆಲ್ಲ ಸೊಂಟದ ಐದು ಮೂಳೆಗಳ ಮೇಲೆ ಬೀಳುತ್ತದೆ. ಆ ಮೂಳೆಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿವೆ, ಹಿಂಬದಿಯಲ್ಲಿ ಕಂಬ ಮುಂದಕ್ಕೆ ಬೀಳದಂತೆ ಹಿಡಿದೆಳೆಯುವ ಸ್ನಾಯುಗಳಿವೆ.

ಹಳೆಯ ತೂಗುಕೋಲು ನೆನಪಿಸಿಕೊಳ್ಳಿ. ಹಿಡಿಯ ಹತ್ತಿರ ತೂಗುವ ದೊಡ್ಡ ಮೂಟೆಯನ್ನು ದೂರದ ತುದಿಯಲ್ಲಿರುವ ಸಣ್ಣ ಕಲ್ಲು ಸರಿದೂಗಿಸುತ್ತದೆ. ನಮ್ಮ ಸೊಂಟದಲ್ಲೂ ಇದೇ ಲೆಕ್ಕ. ಬೆನ್ನಿನ ಸ್ನಾಯು ಮೂಳೆಯಿಂದ ಸುಮಾರು ಎರಡು ಅಂಗುಲ ದೂರದಲ್ಲಿದೆ. ಹತ್ತು ಲೀಟರ್ ಹಾಲಿನ ತೂಕ ಹತ್ತು ಕಿಲೋಗಿಂತ ತುಸು ಹೆಚ್ಚು. ಆ ಕ್ಯಾನನ್ನು ಕೈ ಚಾಚಿ, ಮೈಯಿಂದ ಇಪ್ಪತ್ತು ಅಂಗುಲ ದೂರದಲ್ಲಿ ಎತ್ತಿದರೆ, ಅದೊಂದಕ್ಕೇ ಸ್ನಾಯು ಹತ್ತು ಪಟ್ಟು, ಅಂದರೆ ಸುಮಾರು ನೂರು ಕಿಲೋ ಎಳೆಯಬೇಕಾಗುತ್ತದೆ. ಮೈಗೆ ಅಂಟಿಸಿಕೊಂಡು ಎತ್ತಿದರೆ ಆ ಹೊರೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಕ್ಯಾನು ಅದೇ, ಹಾಲೂ ಅಷ್ಟೇ.

ಹಾಗೆಂದು ಬಾಗುವುದೇ ತಪ್ಪಲ್ಲ. ಬೆನ್ನು ಇರುವುದೇ ಬಾಗಲು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು, ಅದರ ಮೇಲೆ ಭಾರ ಎತ್ತುವುದು, ಅದೇ ಕೆಲಸ ದಿನವೂ ಬಿಡುವಿಲ್ಲದೆ ನಡೆಯುವುದು, ಈ ಮೂರು ಸೇರಿದಾಗ ನೋವು ಶುರುವಾಗುತ್ತದೆ. ಎರಡು ಹಸು ಇರುವವರು ಒಂದೊಂದಕ್ಕೆ ಹತ್ತು ನಿಮಿಷದಂತೆ ಎರಡು ಹೊತ್ತು ಕರೆದರೆ ದಿನಕ್ಕೆ 40 ನಿಮಿಷ, ತಿಂಗಳಿಗೆ 20 ಗಂಟೆ ಕುಕ್ಕರಗಾಲಿನಲ್ಲಿ ಬಾಗಿ ಕೂತಂತಾಯಿತು. ಸಗಣಿ ಬಾಚುವುದು, ಸೀಮೆಹುಲ್ಲು ಕೊಯ್ದು ಹೊರುವುದು, ಮನೆ ಗುಡಿಸುವುದು ಇದರಲ್ಲಿ ಸೇರಿಲ್ಲ.

ಕೊಟ್ಟಿಗೆಯಲ್ಲಿ ಏನು ಬದಲಿಸಬಹುದು?

ಮೊದಲು ಮಣೆ. ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ, ಅಲುಗಾಡದ ಮಣೆ ಅಥವಾ ಸ್ಟೂಲು ಸಾಕು. ಹಸುವಿಗೆ ಹತ್ತಿರವಾಗಿ ಕೂತು, ಪಾತ್ರೆಯನ್ನು ಮಂಡಿಗಳ ನಡುವೆ ಇಟ್ಟುಕೊಳ್ಳಿ. ದೂರ ಕೂತು ಕೈ ಚಾಚಿ ಕರೆದರೆ ಬೆನ್ನು ಗೂನಾಗುತ್ತದೆ.

ಎರಡನೆಯದು ಕರೆಯುವ ರೀತಿ. ಹೆಬ್ಬೆರಳು ಮಡಚಿ, ಗೆಣ್ಣಿನಿಂದ ಮೊಲೆತೊಟ್ಟು ಒತ್ತಿ ಕರೆಯುವ ರೂಢಿ ನಮ್ಮಲ್ಲಿ ಬಹಳ. ಇದರಿಂದ ತೊಟ್ಟಿನ ಒಳಪದರಕ್ಕೆ ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ, ನಿಮ್ಮ ಹೆಬ್ಬೆರಳಿನ ಬುಡವೂ ನೋಯುತ್ತದೆ. ಇಡೀ ಮುಷ್ಟಿಯಲ್ಲಿ ತೊಟ್ಟು ಹಿಡಿದು, ಮೇಲಿನ ಬೆರಳಿನಿಂದ ಕೆಳಕ್ಕೆ ಒಂದೊಂದಾಗಿ ಒತ್ತಿ ಕರೆಯಿರಿ. ಕೆಚ್ಚಲು ತೊಳೆದು ಒರೆಸಿದ ಮೇಲೆ ತಡಮಾಡಬೇಡಿ. ಹಾಲು ಇಳಿಸುವ ಹಾರ್ಮೋನಿನ ಪ್ರಭಾವ ಇರುವುದು ಐದರಿಂದ ಏಳು ನಿಮಿಷ. ಅಷ್ಟರಲ್ಲಿ ಕರೆದು ಮುಗಿಸಿದರೆ ಹಸುವಿಗೂ ಒಳ್ಳೆಯದು, ನಿಮಗೂ ಬೇಗ ಏಳಲು ಆಗುತ್ತದೆ.

ಮೂರನೆಯದು ಭಾರ. ಕೆಳಗಿನ ವಸ್ತು ಎತ್ತುವಾಗ ಹತ್ತಿರ ಹೋಗಿ, ಮಂಡಿ ಮಡಚಿ, ಮೈಗೆ ಒತ್ತಿಕೊಂಡು ಎತ್ತಿ. ಎತ್ತುತ್ತಲೇ ಸೊಂಟ ತಿರುಚಬೇಡಿ, ಪಾದಗಳನ್ನೇ ತಿರುಗಿಸಿ. ಡೇರಿಗೆ ಒಂದು ದೊಡ್ಡ ಕ್ಯಾನಿನ ಬದಲು ಎರಡು ಚಿಕ್ಕ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಹೋದರೆ ಮೈ ಒಂದು ಕಡೆಗೆ ವಾಲುವುದಿಲ್ಲ. 50 ಕಿಲೋ ಪಶು ಆಹಾರದ ಮೂಟೆಯನ್ನು ಒಬ್ಬರೇ ಎತ್ತಬೇಡಿ. ಇಳಿಸಿದ ಕಡೆಯೇ ಬಿಚ್ಚಿ, ಬಕೆಟ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಗಿಸಿ. ಸಗಣಿಗೆ ಮಂಕರಿ ತುಂಬಾ ತುಂಬಿ ತಲೆಯ ಮೇಲೆ ಹೊರುವ ಬದಲು ಉದ್ದ ಹಿಡಿಯ ಸಲಿಕೆ ಮತ್ತು ಕೈಗಾಡಿ ಬಳಸಿ. ಪೊರಕೆಗೂ ಉದ್ದನೆಯ ಕೋಲು ಕಟ್ಟಿ.

ನಾಲ್ಕನೆಯದು ಬಿಡುವು. ಕರೆದು ಎದ್ದ ಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ಐದು ಸಲ. ನೋವು ಕಾಲಿಗೆ ಇಳಿದರೆ ನಿಲ್ಲಿಸಿಬಿಡಿ. ಸೊಂಟ ಹಿಡಿದಾಗ ವಾರಗಟ್ಟಲೆ ಮಲಗುವುದು ಒಳ್ಳೆಯದಲ್ಲ, ಆದಷ್ಟು ನಡೆದಾಡುತ್ತಿರಬೇಕು. ಅಷ್ಟು ದಿನ ಕ್ಯಾನು ಹೊರುವುದು, ಹುಲ್ಲು ತರುವುದು ಮನೆಯ ಗಂಡಸರ ಪಾಲಿಗೆ ಬರಲಿ. ಮೂರು ನಾಲ್ಕು ಹಸುಗಳಿದ್ದರೆ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಗಳಿಗೆ ಸಹಾಯಧನ ಇದೆಯೇ ಎಂದು ಸಂಘದ ಕಾರ್ಯದರ್ಶಿಯವರನ್ನು ವಿಚಾರಿಸಿ.

'ಟಕ್' ಎನ್ನಿಸುವ ಚಿಕಿತ್ಸೆ

ವಿಡಿಯೋದಲ್ಲಿದ್ದುದು ಕೈರೋಪ್ರಾಕ್ಟಿಕ್. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಎಂಬುವರು ಶುರು ಮಾಡಿದ ಪದ್ಧತಿ. ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಚಕ್ಕನೆ ಒತ್ತಿ ಸಡಿಲಿಸುತ್ತಾರೆ. ಕೈಯಿಂದ ಮೂಳೆ ಸರಿಪಡಿಸುವುದು ನಮಗೂ ಹೊಸದಲ್ಲ. ಮೂಳೆ ಮುರಿದರೆ ಪುತ್ತೂರು ಕಟ್ಟಿಗೆ ಹೋಗುತ್ತೇವೆ, ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವವರೂ ಇದ್ದಾರೆ.

'ಟಕ್' ಎಂದದ್ದು ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಬೆರಳಿನ ಲಟಿಕೆ ಮುರಿದಾಗ ಬರುವಂಥದ್ದೇ, ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಾಗುವ ಸದ್ದು. ಹಾಗಾದರೆ ಉಪಯೋಗವಿಲ್ಲವೇ? ಇದೆ, ಒಂದು ಮಿತಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ, ಅಂದರೆ 13 ಜನರಲ್ಲಿ ಒಬ್ಬರಿಗೆ ಸೊಂಟನೋವಿತ್ತು. ಬಹುಕಾಲದಿಂದ ಕಾಡುವ ಸೊಂಟನೋವಿಗೆ ಆ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ, ಮಸಾಜ್ ಇವುಗಳ ಜೊತೆಗೆ ಬೆನ್ನೆಲುಬನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆಯನ್ನೂ ಅದು ಹೆಸರಿಸಿದೆ. ಸೊಂಟಕ್ಕೆ ಬೆಲ್ಟ್ ಕಟ್ಟುವುದನ್ನು ವಾಡಿಕೆಯ ಚಿಕಿತ್ಸೆಯಾಗಿ ಒಪ್ಪಿಲ್ಲ. ಅಂದರೆ ಪಳಗಿದ ಕೈಯಿಂದ ಕೆಲವರಿಗೆ ಆರಾಮ ಸಿಗಬಹುದು. ಆದರೆ ಮರುದಿನ ಬೆಳಿಗ್ಗೆ ಮತ್ತೆ ಅದೇ ಕುಕ್ಕರಗಾಲು, ಅದೇ ಮಂಕರಿ ಎಂದಾದರೆ ನೋವು ಮತ್ತೆ ಬರುತ್ತದೆ. ಕುತ್ತಿಗೆಯನ್ನು ರಭಸವಾಗಿ ತಿರುಗಿಸುವುದರಲ್ಲಿ ಅಪಾಯವೂ ಇದೆ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಬಹುದು. ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿಕೊಳ್ಳುವ ಮನೆಯವರಿಗೂ ಇದನ್ನು ಹೇಳಿ.

ನಮ್ಮ ಕಡೆ ಮೊದಲು ನೋಡಬೇಕಾದ್ದು

ಎಲ್ಲ ಸೊಂಟನೋವೂ ಕೂತ ಭಂಗಿಯಿಂದಲೇ ಬಂದದ್ದಲ್ಲ. ಯಾರ ಕೈಗಾದರೂ ಬೆನ್ನು ಒಡ್ಡುವ ಮೊದಲು ವೈದ್ಯರಲ್ಲಿ ಈ ಮೂರನ್ನು ಕೇಳಿ ತಿಳಿಯಬೇಕು.

ಒಂದು, ಫ್ಲೋರೈಡ್. ಕೋಲಾರ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಇದು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಸೇರಿದರೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಮೂಳೆ ಗಟ್ಟಿಯಾದಂತೆ ಕಂಡರೂ ಪೆಡಸಾಗಿರುತ್ತದೆ. ಮಂಡಿ ಮಡಚದೆ ನೆಲದ ಮೇಲಿನ ನಾಣ್ಯ ಎತ್ತಲು, ಗದ್ದವನ್ನು ಎದೆಗೆ ತಾಗಿಸಲು, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯಲು ಆಗುವುದೇ ಎಂದು ನೋಡಿ. ಆಗದಿದ್ದರೆ ಅದೇ ರೋಗ ಎಂದಲ್ಲ, ತೋರಿಸಬೇಕು ಎಂದರ್ಥ. ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಎರಡು, ಬ್ರುಸೆಲ್ಲಾ. ಇದು ನನ್ನ ಇಲಾಖೆಗೆ ಸೇರಿದ ವಿಷಯ. ಕಂದು ಹಾಕಿದ ಹಸುವಿನಿಂದ, ಅದರ ಕಸದಿಂದ, ಕಾಯಿಸದ ಹಾಲಿನಿಂದ ಮನುಷ್ಯರಿಗೂ ಹರಡುತ್ತದೆ. ಬಂದು ಹೋಗುವ ಜ್ವರ, ಬೆವರು, ಸುಸ್ತು, ಜೊತೆಗೆ ಸೊಂಟ ಮತ್ತು ಕೀಲುನೋವು ಇದರ ಲಕ್ಷಣ. ಎಷ್ಟು ಮಸಾಜ್ ಮಾಡಿದರೂ ಹೋಗದು, ರಕ್ತಪರೀಕ್ಷೆ ಮಾಡಿಸಿ ಔಷಧಿ ಪಡೆಯಬೇಕು. ಹಸು ಕಂದು ಹಾಕಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಬರಿಗೈಯಲ್ಲಿ ಕಸ ಮುಟ್ಟಬೇಡಿ. 4ರಿಂದ 8 ತಿಂಗಳ ಹೆಣ್ಣುಕರುವಿಗೆ ಜೀವಮಾನದಲ್ಲಿ ಒಮ್ಮೆ ಹಾಕುವ ಲಸಿಕೆಯನ್ನು ತಪ್ಪಿಸಬೇಡಿ.

ಮೂರು, ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದು. ಅಂಥ ಮೂಳೆಯ ಮೇಲೆ ರಭಸದ ಒತ್ತಡ ಬಿದ್ದರೆ ಮುರಿಯಬಹುದು. ಒದೆಸಿಕೊಳ್ಳುವುದಂತೂ ಬೇಡವೇ ಬೇಡ.

ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಯ ಸಂದು ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೂ ತಡಮಾಡಬೇಡಿ. ಬೆನ್ನೆಲುಬಿನ ಕ್ಷಯವೂ ಹೀಗೆಯೇ ಬರುತ್ತದೆ. ಮುಳಬಾಗಿಲು ತಾಲ್ಲೂಕು ಆಸ್ಪತ್ರೆ, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗಳಲ್ಲಿ ಮೊದಲು ತೋರಿಸಿ. ವೈದ್ಯರು ಫಿಜಿಯೋಥೆರಪಿಗೆ ಬರೆದುಕೊಟ್ಟರೆ ಹೇಳಿದಷ್ಟು ದಿನವೂ ಹೋಗಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ.

ದೇವರಾಯಸಮುದ್ರದ ಆ ತಾಯಿ ಮಗಳಿಗೂ ನಾನು ಹೇಳಿದ್ದು ಇಷ್ಟೇ: ಮೊದಲು ವೈದ್ಯರಿಗೆ ತೋರಿಸಿ, ಅವರು ಸರಿ ಎಂದರೆ ಆಮೇಲೆ ಬೆಂಗಳೂರಿನ ಮಾತು, ಮಣೆ ಮಾತ್ರ ಇವತ್ತೇ. ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ನನಗೆ ಫೋನ್ ಮಾಡುತ್ತೀರಿ. ನಿಮ್ಮ ಸೊಂಟಕ್ಕೂ ಅಷ್ಟೇ ಬೇಗ ಒಬ್ಬ ವೈದ್ಯರನ್ನು ಕೇಳಿ. ಇವತ್ತು ಸಂಜೆ ಕರೆಯಲು ಹೋಗುವಾಗ ಪಾತ್ರೆಯ ಜೊತೆ ಒಂದು ಮಣೆಯನ್ನೂ ತೆಗೆದುಕೊಂಡು ಹೋಗಿ.